ಸರಳರೇಖೆಯ ಇಳಿಜಾರು: ಎರಡು ಬಿಂದು, ಗ್ರಾಫ್, ಸಮೀಕರಣ, ಕೋನ – ಯಾವಾಗ ಯಾವುದನ್ನು ಹಿಡಿಯಬೇಕು?

ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತದಲ್ಲಿ ದೂರ ಸೂತ್ರ ಇದೆ, ವಿಭಾಗ ಸೂತ್ರ ಇದೆ, ಇಳಿಜಾರು ಮಾತ್ರ ಇಲ್ಲ. ಪಿಯುಸಿ ಮೊದಲ ವರ್ಷದ ‘ಸರಳ ರೇಖೆಗಳು’ ಪಾಠಕ್ಕೆ ಬಂದ ಕೂಡಲೇ ಇಳಿಜಾರಿಗೆ ಒಂದಲ್ಲ, ನಾಲ್ಕೈದು ಸೂತ್ರ ಒಮ್ಮೆಲೇ ಬಂದು ಬೀಳುತ್ತವೆ. ಸಿಂಧನೂರು, ಮಾನ್ವಿ, ಕುಷ್ಟಗಿ, ಸಿರುಗುಪ್ಪದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ರಾಯಚೂರಿಗೋ ಬಳ್ಳಾರಿಗೋ ಬಂದು ವಿಜ್ಞಾನ ವಿಭಾಗ ಸೇರಿದ ಮಕ್ಕಳಿಗೆ ಅದೇ ಹೊತ್ತಿಗೆ ಇಂಗ್ಲಿಷಿನ ಭಾರವೂ ಸೇರಿಕೊಳ್ಳುತ್ತದೆ. ಹೆಚ್ಚಿನವರು ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿಬಿಡುತ್ತಾರೆ. ಆಮೇಲೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಕೂರುತ್ತಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಇಳಿಜಾರಿಗೆ ‘ಅತ್ಯುತ್ತಮ ವಿಧಾನ’ ಎಂಬುದಿಲ್ಲ. ನಿಮ್ಮ ಕೈಗೆ ಕೊಟ್ಟಿರುವುದು ಏನು ಎಂಬುದರ ಮೇಲೆ ದಾರಿ ನಿರ್ಧಾರವಾಗುತ್ತದೆ. ಬಿಂದು ಕೊಟ್ಟಿದ್ದರೆ ಒಂದು, ಸಮೀಕರಣ ಕೊಟ್ಟಿದ್ದರೆ ಇನ್ನೊಂದು, ಕೋನ ಕೊಟ್ಟಿದ್ದರೆ ಮತ್ತೊಂದು. ಪ್ರತಿ ದಾರಿಗೂ ಅದರದೇ ಆದ ಒಂದು ಗುಂಡಿ ಇದೆ, ಎಲ್ಲರೂ ಅಲ್ಲೇ ಬೀಳುತ್ತಾರೆ. ಆ ಗುಂಡಿ ಎಲ್ಲಿದೆ ಎಂದು ಗೊತ್ತಿದ್ದರೆ ದಾರಿ ಆರಿಸುವುದು ಕಷ್ಟವಲ್ಲ.

ಮೊದಲು, ಅಳೆಯುತ್ತಿರುವುದು ಏನನ್ನು?

ಅಡ್ಡಕ್ಕೆ ಒಂದು ಮಾನ ಸರಿದರೆ ಎತ್ತರ ಎಷ್ಟು ಬದಲಾಗುತ್ತದೆ ಎಂಬುದೇ ಇಳಿಜಾರು. ಏರಿಕೆಯನ್ನು (ಎತ್ತರದಲ್ಲಾದ ಬದಲಾವಣೆ) ಓಟದಿಂದ (ಅಡ್ಡಕ್ಕೆ ಸರಿದ ದೂರ) ಭಾಗಿಸಿದರೆ ಬರುವ ಸಂಖ್ಯೆ ಅದು. ಎಡದಿಂದ ಬಲಕ್ಕೆ ಹೋಗುವಾಗ ರೇಖೆ ಏರಿದರೆ ಧನ, ಇಳಿದರೆ ಋಣ, ಮಟ್ಟಸವಾಗಿದ್ದರೆ ಸೊನ್ನೆ. ನೆಟ್ಟಗೆ ನಿಂತ ರೇಖೆಗೆ ಇಳಿಜಾರು ಎಂಬುದೇ ಇಲ್ಲ, ಏಕೆಂದರೆ ಅಲ್ಲಿ ಓಟ ಸೊನ್ನೆ, ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ.

ಬಳ್ಳಾರಿ–ಹೊಸಪೇಟೆ ಕಡೆಯ ಕಬ್ಬಿಣದ ಅದಿರು ರೈಲಿನಲ್ಲಿ ಮುರ್ಮಗೋವಾ ಬಂದರಿಗೆ ಹೋಗುವ ದಾರಿಯಲ್ಲಿ ಕ್ಯಾಸಲ್ ರಾಕ್ ದಾಟಿದ ಮೇಲೆ ಬ್ರಗಾಂಜಾ ಘಾಟ್ ಸಿಗುತ್ತದೆ. ಅಲ್ಲಿನ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ. ದಶಮಾಂಶದಲ್ಲಿ ಇದು ಸುಮಾರು 0.027, ಶೇಕಡಾ ಲೆಕ್ಕದಲ್ಲಿ 2.7. ಕಾಗದದ ಮೇಲೆ ಏನೂ ಅಲ್ಲ ಅನಿಸುವ ಸಂಖ್ಯೆ. ಆದರೆ ಅದಿರು ತುಂಬಿದ ಗೂಡ್ಸ್ ಗಾಡಿಗೆ ಅದೇ ದೊಡ್ಡ ಸವಾಲು, ಹೆಚ್ಚುವರಿ ಎಂಜಿನ್ ಜೋಡಿಸಿಕೊಂಡೇ ಆ ಘಾಟಿ ದಾಟಬೇಕು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಇನ್ನೊಂದು ತುದಿ ಕಾಣುತ್ತದೆ. ಮುನಿರಾಬಾದಿನಿಂದ ಕೊಪ್ಪಳ ಜಿಲ್ಲೆ ದಾಟಿ ರಾಯಚೂರಿನ ಕಡೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ಹರಿಯುವ ಆ ನೀರಿಗೆ ಸಿಗುವ ಇಳಿಜಾರು ತೀರಾ ಸಣ್ಣದು. ಬಯಲುಸೀಮೆಯ ಕಾಲುವೆಗಳಲ್ಲಿ ಸಾವಿರಾರು ಅಡಿಗೆ ಒಂದು ಅಡಿ ಇಳಿತ ಎಂದೇ ಲೆಕ್ಕ. ಹೆಚ್ಚಾದರೆ ನೀರು ಕಾಲುವೆಯ ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ಕೂರುತ್ತದೆ. ಹಾಗಾಗಿ ಸಣ್ಣ ಸಂಖ್ಯೆ ಬಂತೆಂದು ಉತ್ತರವನ್ನು ಅನುಮಾನಿಸಬೇಡಿ.

ಇನ್ನೊಂದು ಮಾತು. ಸರಳರೇಖೆಯ ಮೇಲೆ ಯಾವ ಎರಡು ಬಿಂದು ಹಿಡಿದರೂ ಒಂದೇ ಇಳಿಜಾರು ಬರುತ್ತದಲ್ಲ, ಅದಕ್ಕೆ ಕಾರಣ ನೀವು ಹತ್ತನೇ ತರಗತಿಯಲ್ಲೇ ಓದಿದ ಸಮರೂಪ ತ್ರಿಭುಜಗಳು. ರೇಖೆಯ ಕೆಳಗೆ ಚಿಕ್ಕ ಲಂಬಕೋನ ತ್ರಿಭುಜ ಬರೆಯಿರಿ, ದೊಡ್ಡದು ಬರೆಯಿರಿ, ಕೋನಗಳು ಅವೇ ಇರುತ್ತವೆ, ಆದ್ದರಿಂದ ಬಾಹುಗಳ ಅನುಪಾತವೂ ಅದೇ. ಇದು ಅರ್ಥವಾದರೆ ಮುಂದಿನ ಸೂತ್ರಗಳೆಲ್ಲ ಒಂದೇ ಬೇರಿನವು ಎಂದು ತಾನಾಗಿ ಕಾಣುತ್ತದೆ.

ಎರಡು ಬಿಂದು ಕೊಟ್ಟಿದ್ದರೆ

ಬೇರೆ ದಾರಿ ಹುಡುಕಬೇಡಿ. ಬಿಂದುಗಳು (ಎಕ್ಸ್₁, ವೈ₁) ಮತ್ತು (ಎಕ್ಸ್₂, ವೈ₂) ಆಗಿದ್ದು, ಇಳಿಜಾರನ್ನು ಎಂ ಎಂದು ಕರೆದರೆ,

ಎಂ = (ವೈ₂ − ವೈ₁) ÷ (ಎಕ್ಸ್₂ − ಎಕ್ಸ್₁)

ಒಂದೇ ಸೂತ್ರ ಕಲಿಯಲು ಸಮಯ ಇದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಬೇರೆ ಯಾವ ರೂಪದಲ್ಲಿ ರೇಖೆ ಕೊಟ್ಟರೂ ಅದರ ಮೇಲಿನ ಎರಡು ಬಿಂದು ಹೆಕ್ಕಿಕೊಂಡು ಇಲ್ಲಿಗೆ ಬರಬಹುದು. ಸ್ವಲ್ಪ ಉದ್ದದ ದಾರಿ, ಆದರೆ ಗುರಿ ಮುಟ್ಟಿಸುತ್ತದೆ.

ಇಲ್ಲಿನ ಗುಂಡಿ ಚಿಹ್ನೆಯದು. ಬಿಂದುಗಳು (−3, 4) ಮತ್ತು (2, −6) ಎಂದುಕೊಳ್ಳಿ. ಮೇಲೆ −6 − 4 = −10. ಕೆಳಗೆ 2 − (−3) = 5. ಉತ್ತರ −2. ಇದೇ ಲೆಕ್ಕದಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. ಒಂದು, ಕೆಳಗೆ 2 − 3 ಎಂದು ಬರೆದು −1 ಮಾಡಿ, ಉತ್ತರ 10 ಎನ್ನುವುದು. ಎರಡನೆಯದು ಇನ್ನೂ ಸೂಕ್ಷ್ಮ: ಮೇಲೆ ಎರಡನೇ ಬಿಂದುವಿನಿಂದ ಮೊದಲನೆಯದನ್ನು ಕಳೆದು, ಕೆಳಗೆ ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಆಗ −10 ÷ −5 = 2. ಸಂಖ್ಯೆ ಸರಿ, ಚಿಹ್ನೆ ಉಲ್ಟಾ. ಯಾವ ಬಿಂದುವನ್ನು ಮೊದಲು ಎನ್ನುತ್ತೀರಿ ಎಂಬುದು ನಿಮ್ಮಿಷ್ಟ, ಆದರೆ ಮೇಲೂ ಕೆಳಗೂ ಅದೇ ಕ್ರಮ ಇರಬೇಕು. ಬಿಂದುಗಳನ್ನು ಒಂದರ ಕೆಳಗೊಂದು ಬರೆದುಕೊಂಡು, ಋಣ ಸಂಖ್ಯೆಗೆ ತಪ್ಪದೆ ಕಂಸ ಹಾಕಿದರೆ ಈ ಎರಡೂ ತಪ್ಪು ಹತ್ತಿರ ಸುಳಿಯುವುದಿಲ್ಲ.

ಉತ್ತರ ಬಂದ ಮೇಲೆ ಒಂದು ಕ್ಷಣ ಮನಸ್ಸಿನಲ್ಲೇ ಚಿತ್ರ ಬರೆಯಿರಿ. (−3, 4) ಎಡಕ್ಕೆ ಮೇಲೆ ಇದೆ, (2, −6) ಬಲಕ್ಕೆ ಕೆಳಗೆ. ರೇಖೆ ಇಳಿಯುತ್ತಿದೆ, ಉತ್ತರ ಋಣವೇ ಆಗಬೇಕು. ಇಷ್ಟು ನೋಡಲು ಗ್ರಾಫ್ ಹಾಳೆ ಬೇಕಿಲ್ಲ.

ಈ ವಿಧಾನ ಪುಸ್ತಕದಾಚೆ ಹೇಗೆ ಬದುಕಿದೆ ಎಂದು ನೋಡಬೇಕಾದರೆ ಮನೆ ಕಟ್ಟುವ ಜಾಗಕ್ಕೆ ಹೋಗಿ. ಗಾರೆ ಕೆಲಸದವರ ಬಳಿ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಇರುತ್ತದೆ. ಒಬ್ಬರು ಅಂಗಳದ ಈ ಮೂಲೆಯಲ್ಲಿ ಪೈಪಿನ ಒಂದು ತುದಿ ಹಿಡಿದು ನಿಲ್ಲುತ್ತಾರೆ, ಇನ್ನೊಬ್ಬರು ಆ ಮೂಲೆಯಲ್ಲಿ. ಒಳಗೆ ಗಾಳಿಗುಳ್ಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೀರು ಅಲುಗಾಟ ನಿಲ್ಲಿಸುವವರೆಗೆ ಕಾದು, ಎರಡೂ ಕಡೆ ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕುತ್ತಾರೆ. ಆ ಎರಡು ಗುರುತು ಒಂದೇ ಎತ್ತರದಲ್ಲಿವೆ. ಈಗ ಗುರುತಿನಿಂದ ನೆಲಕ್ಕೆ ಟೇಪ್ ಇಳಿಬಿಟ್ಟರೆ ಒಂದು ಕಡೆ 3 ಅಡಿ, ಇನ್ನೊಂದು ಕಡೆ 3 ಅಡಿ 6 ಇಂಚು ಬಂತೆನ್ನಿ, ನಡುವಿನ ದೂರ 24 ಅಡಿ. ಇಳಿತ 6 ಇಂಚು, ಓಟ 24 ಅಡಿ. 6 ÷ 24 ಮಾಡಿ ನಾಲ್ಕರಲ್ಲಿ ಒಂದು ಎಂದರೆ ಲೆಕ್ಕ ಕೆಟ್ಟಿತು. 24 ಅಡಿಗೆ 288 ಇಂಚು, ಆದ್ದರಿಂದ ಇಳಿಜಾರು 48ಕ್ಕೆ 1. ಮಾನ ಒಂದೇ ಮಾಡಿಕೊಳ್ಳದೆ ಭಾಗಿಸಿದರೆ ಸೂತ್ರ ಸರಿಯಿದ್ದೂ ಉತ್ತರ ಹನ್ನೆರಡು ಪಟ್ಟು ತಪ್ಪುತ್ತದೆ.

ಮೂರು ಬಿಂದುಗಳು ಒಂದೇ ರೇಖೆಯ ಮೇಲಿವೆಯೇ ಎಂದು ಕೇಳಿದಾಗಲೂ ಇದೇ ವಿಧಾನ. ಮೊದಲೆರಡರ ನಡುವಿನ ಇಳಿಜಾರು, ಕೊನೆಯೆರಡರ ನಡುವಿನ ಇಳಿಜಾರು ಸಮ ಬಂದರೆ ಮೂರೂ ಏಕರೇಖಾಗತ. ಮೂರು ಕಡೆ ದೂರ ಸೂತ್ರ ಹಾಕಿ ವರ್ಗಮೂಲಗಳನ್ನು ಕೂಡಿಸುತ್ತ ಕೂರುವುದಕ್ಕಿಂತ ಇದು ಎಷ್ಟೋ ಹಗುರ.

ಗ್ರಾಫ್ ಕೊಟ್ಟಿದ್ದರೆ

ಗ್ರಾಫ್ ನೋಡಿ ಏರಿಕೆ ಎಣಿಸಿ, ಓಟ ಎಣಿಸಿ, ಭಾಗಿಸುವುದು ಕಣ್ಣಿಗೆ ಸುಲಭ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಆದರೆ ನಾನು ಕಂಡಂತೆ ಅತಿ ಹೆಚ್ಚು ತಪ್ಪು ಆಗುವುದೂ ಇಲ್ಲೇ, ಅದಕ್ಕೆ ಕಾರಣ ಅಕ್ಷಗಳ ಪ್ರಮಾಣ (ಸ್ಕೇಲ್). ಅಡ್ಡ ಅಕ್ಷದ ಒಂದು ಸೆಂಟಿಮೀಟರಿಗೂ ಲಂಬ ಅಕ್ಷದ ಒಂದು ಸೆಂಟಿಮೀಟರಿಗೂ ಒಂದೇ ಬೆಲೆ ಇರಲೇಬೇಕೆಂದಿಲ್ಲ.

ಹಾಸ್ಟೆಲಿನ ನೀರಿನ ಟ್ಯಾಂಕ್ ಉದಾಹರಣೆ ತೆಗೆದುಕೊಳ್ಳೋಣ. ಮೋಟಾರ್ ಹಾಕುವಾಗ ಟ್ಯಾಂಕಿನಲ್ಲಿ 200 ಲೀಟರ್ ಇತ್ತು, 20 ನಿಮಿಷದ ಹೊತ್ತಿಗೆ 700 ಲೀಟರ್ ಆಯಿತು. ಅಡ್ಡಕ್ಕೆ 1 ಸೆಂಮೀ = 5 ನಿಮಿಷ, ಮೇಲಕ್ಕೆ 1 ಸೆಂಮೀ = 100 ಲೀಟರ್ ಎಂದು ಗ್ರಾಫ್ ಬರೆದರೆ ರೇಖೆ 4 ಸೆಂಮೀ ಬಲಕ್ಕೆ, 5 ಸೆಂಮೀ ಮೇಲಕ್ಕೆ ಹೋಗುತ್ತದೆ. ಚೌಕ ಎಣಿಸಿದವರು 5 ÷ 4 = 1.25 ಎಂದು ಬರೆಯುತ್ತಾರೆ. ಅಕ್ಷದ ಮೇಲಿನ ಸಂಖ್ಯೆ ಓದಿದವರು 500 ÷ 20 = 25 ಎಂದು ಬರೆಯುತ್ತಾರೆ. ಎರಡನೆಯದೇ ಸರಿ, ಅದಕ್ಕೆ ಅರ್ಥವೂ ಇದೆ: ನಿಮಿಷಕ್ಕೆ 25 ಲೀಟರ್. 1.25ಕ್ಕೆ ಏನರ್ಥ? ಸೆಂಟಿಮೀಟರಿಗೆ ಇಷ್ಟು ಸೆಂಟಿಮೀಟರ್ ಎಂದಷ್ಟೆ, ಅದು ಕಾಗದದ ವಿಷಯ, ಮೋಟಾರಿನದಲ್ಲ.

ಪ್ರಮಾಣ ಬದಲಿಸಿ ಅದೇ ಗ್ರಾಫ್ ಬರೆದರೆ ರೇಖೆ ಕಡಿದಾಗಿಯೂ ಕಾಣಬಹುದು, ಮಲಗಿದಂತೆಯೂ ಕಾಣಬಹುದು. ಮೋಟಾರ್ ಅದೇ, ನೀರು ಅದೇ, ನಿಮಿಷಕ್ಕೆ 25 ಲೀಟರೂ ಅದೇ. ಪತ್ರಿಕೆಗಳಲ್ಲಿ ಬೆಲೆ ಏರಿಕೆಯ ಗ್ರಾಫ್ ನೋಡುವಾಗಲೂ ಇದನ್ನು ನೆನಪಿಟ್ಟುಕೊಳ್ಳಬೇಕು. ರೇಖೆ ಎಷ್ಟು ಕಡಿದಾಗಿ ಕಾಣುತ್ತದೆ ಎಂಬುದನ್ನು ಬರೆದವರು ಆರಿಸುತ್ತಾರೆ, ಇಳಿಜಾರನ್ನು ಅಕ್ಷದ ಸಂಖ್ಯೆಗಳು ಹೇಳುತ್ತವೆ.

ಗ್ರಾಫಿನಿಂದ ಲೆಕ್ಕ ಹಾಕುವುದೇ ಆದರೆ ಗೆರೆಗಳು ಸರಿಯಾಗಿ ಅಡ್ಡಹಾಯುವ ಮೂಲೆಯ ಮೇಲೆ ರೇಖೆ ಹಾದುಹೋಗುವ ಎರಡು ಜಾಗ ಹುಡುಕಿ. ಅರ್ಧ ಚೌಕ, ಮುಕ್ಕಾಲು ಚೌಕ ಎಂದು ಅಂದಾಜು ಮಾಡುವ ಬಿಂದು ಬೇಡ. ಆ ಎರಡು ಬಿಂದು ಆದಷ್ಟು ದೂರ ದೂರ ಇರಲಿ. ಹಾಗೆ ಓದಿಕೊಂಡ ಮೇಲೆ ನೀವು ಮಾಡುವುದು ಮತ್ತೆ ಎರಡು ಬಿಂದುಗಳ ಸೂತ್ರವನ್ನೇ. ಅಂದರೆ ಗ್ರಾಫ್ ಬೇರೆ ವಿಧಾನವಲ್ಲ, ಬಿಂದು ಪಡೆಯುವ ಒಂದು ಬಗೆ. ಈ ಕಾರಣಕ್ಕೆ, ಪ್ರಶ್ನೆಯಲ್ಲಿ ಬಿಂದುಗಳನ್ನೇ ಕೊಟ್ಟಿರುವಾಗ ಗ್ರಾಫ್ ಬರೆದು ಅದರಿಂದ ಇಳಿಜಾರು ಓದಲು ಹೋಗುವುದು ನಿಖರವಾದುದನ್ನು ಬಿಟ್ಟು ಅಂದಾಜಿಗೆ ಹೋದಂತೆ.

ಸಮೀಕರಣ ಕೊಟ್ಟಿದ್ದರೆ

ವೈ = ಎಂಎಕ್ಸ್ + ಸಿ ರೂಪದಲ್ಲೇ ಇದ್ದರೆ ಕೆಲಸವೇ ಇಲ್ಲ, ಎಕ್ಸ್‌ನ ಸಹಗುಣಕವೇ ಇಳಿಜಾರು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದು ಒಂದು ಆರ್ಡರಿಗೆ ಸಾಗಾಟಕ್ಕೆಂದು 300 ರೂಪಾಯಿ, ಪ್ರತಿ ಪ್ಯಾಂಟಿಗೆ 40 ರೂಪಾಯಿ ತೆಗೆದುಕೊಳ್ಳುತ್ತದೆ ಎಂದುಕೊಂಡರೆ ಒಟ್ಟು ಮೊತ್ತ ವೈ = 40ಎಕ್ಸ್ + 300. ಇಳಿಜಾರು 40, ಅಂದರೆ ಒಂದು ಪ್ಯಾಂಟ್ ಹೆಚ್ಚಾದರೆ ಎಷ್ಟು ಹೆಚ್ಚು ಎಂಬುದು. 300 ಎಂಬುದು ರೇಖೆ ವೈ ಅಕ್ಷವನ್ನು ಕಡಿಯುವ ಜಾಗ, ಅಂದರೆ ಇಂಟರ್‌ಸೆಪ್ಟ್. ಇವೆರಡನ್ನೂ ಅದಲುಬದಲು ಮಾಡುವವರು ಬಹಳ. ಒಂದು ಪ್ಯಾಂಟಿಗೂ ನೂರು ಪ್ಯಾಂಟಿಗೂ ಬದಲಾಗದೆ ಉಳಿಯುವುದು ಯಾವುದು ಎಂದು ಕೇಳಿಕೊಂಡರೆ ಗೊಂದಲ ಬಿಡುತ್ತದೆ.

ಎಎಕ್ಸ್ + ಬಿವೈ + ಸಿ = 0 ರೂಪದಲ್ಲಿದ್ದರೆ ಎರಡು ಆಯ್ಕೆ. ವೈ ಅನ್ನು ಒಂಟಿಯಾಗಿ ಬಿಡಿಸಿ ಬರೆಯುವುದು ಒಂದು, ನೇರವಾಗಿ −ಎ/ಬಿ ಹಾಕುವುದು ಇನ್ನೊಂದು. 3ಎಕ್ಸ್ + 4ವೈ − 24 = 0 ತೆಗೆದುಕೊಳ್ಳಿ. ಬಿಡಿಸಿ ಬರೆದರೆ 4ವೈ = −3ಎಕ್ಸ್ + 24, ಆಮೇಲೆ ವೈ = −(3/4)ಎಕ್ಸ್ + 6. ಇಳಿಜಾರು −3/4, ಜೊತೆಗೆ ಇಂಟರ್‌ಸೆಪ್ಟ್ 6 ಕೂಡ ಪುಕ್ಕಟೆಯಾಗಿ ಸಿಕ್ಕಿತು. −ಎ/ಬಿ ಹಾಕಿದರೆ ಒಂದೇ ಸಾಲಿನಲ್ಲಿ −3/4.

ವೇಗ ಬೇಕಾದ ಸಿಇಟಿಯಂಥ ಪರೀಕ್ಷೆಗೆ −ಎ/ಬಿ ಒಳ್ಳೆಯದು. ಆದರೆ ಅದನ್ನು ಬಿಡಿಸುವ ವಿಧಾನದ ಅಭ್ಯಾಸ ಚೆನ್ನಾಗಿ ಕೂತ ಮೇಲಷ್ಟೇ ಬಳಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಇಷ್ಟೆ: 5ವೈ = 2ಎಕ್ಸ್ + 10 ಎಂದು ಕೊಟ್ಟರೆ, ಸೂತ್ರ ಮಾತ್ರ ಕಲಿತವರ ಕೈ −2/5 ಎಂದು ಬರೆದುಬಿಡುತ್ತದೆ. ಎಲ್ಲವನ್ನೂ ಒಂದು ಬದಿಗೆ ತಂದರೆ ಅದು 2ಎಕ್ಸ್ − 5ವೈ + 10 = 0, ಬಿ ಎಂದರೆ −5, ಇಳಿಜಾರು −2 ÷ −5 = 2/5. ಬಿಡಿಸಿ ಬರೆದವರಿಗೆ ಈ ಅಪಾಯವೇ ಇಲ್ಲ, ಎರಡೂ ಬದಿ 5ರಿಂದ ಭಾಗಿಸಿದರೆ 2/5 ಕಣ್ಣೆದುರೇ ನಿಲ್ಲುತ್ತದೆ. ಸಮೀಕರಣ ಅಸ್ತವ್ಯಸ್ತವಾಗಿ ಕೊಟ್ಟಿದ್ದಾಗ ಬಿಡಿಸುವುದು, ಸೊನ್ನೆಗೆ ಸಮ ಮಾಡಿ ಸಾಲಾಗಿ ಕೊಟ್ಟಿದ್ದಾಗ −ಎ/ಬಿ. ನಾನು ಈ ನಿಯಮ ಬಿಟ್ಟು ಹೋಗುವುದಿಲ್ಲ.

ವೈ ಪದವೇ ಇಲ್ಲದ ಸಮೀಕರಣ ಬಂದರೆ, ಉದಾಹರಣೆಗೆ 2ಎಕ್ಸ್ = 7, ಯಾವ ಸೂತ್ರವನ್ನೂ ಹಾಕಬೇಡಿ. ಅದು ನೆಟ್ಟಗೆ ನಿಂತ ರೇಖೆ. ಇಳಿಜಾರು ಸೊನ್ನೆ ಎಂದು ಬರೆದರೆ ಅಂಕ ಹೋಗುತ್ತದೆ, ಸೊನ್ನೆ ಇರುವುದು ವೈ = 7ಕ್ಕೆ.

ಎರಡೂ ಅಕ್ಷಗಳ ಇಂಟರ್‌ಸೆಪ್ಟ್ ಕೊಟ್ಟಿದ್ದರೆ ವೈ ಇಂಟರ್‌ಸೆಪ್ಟನ್ನು ಎಕ್ಸ್ ಇಂಟರ್‌ಸೆಪ್ಟಿನಿಂದ ಭಾಗಿಸಿ ಋಣ ಚಿಹ್ನೆ ಹಾಕಿದರೆ ಮುಗಿಯಿತು. ಮೇಲಿನ ರೇಖೆ ಎಕ್ಸ್ ಅಕ್ಷವನ್ನು 8ರಲ್ಲಿ, ವೈ ಅಕ್ಷವನ್ನು 6ರಲ್ಲಿ ಕಡಿಯುತ್ತದೆ, −6/8 ಅಂದರೆ ಅದೇ −3/4. ಇದಕ್ಕೆ ಪ್ರತ್ಯೇಕ ಸೂತ್ರ ನೆನಪಿಡುವ ಅಗತ್ಯ ಇಲ್ಲ, (8, 0) ಮತ್ತು (0, 6) ಎಂಬ ಎರಡು ಬಿಂದು ಅಷ್ಟೆ.

ಕೋನ ಕೊಟ್ಟಿದ್ದರೆ

ರೇಖೆ ಎಕ್ಸ್ ಅಕ್ಷದ ಧನ ದಿಕ್ಕಿನೊಂದಿಗೆ ಮಾಡುವ ಕೋನ ಥೀಟಾ ಆದರೆ, ಎಂ = ಟ್ಯಾನ್ ಥೀಟಾ. 45 ಡಿಗ್ರಿಗೆ 1, 60 ಡಿಗ್ರಿಗೆ ಮೂರರ ವರ್ಗಮೂಲ, 135 ಡಿಗ್ರಿಗೆ −1. ಪ್ರಶ್ನೆಯಲ್ಲಿ ಕೋನವನ್ನೇ ಹೇಳಿದ್ದರೆ ಇದಕ್ಕಿಂತ ಚಿಕ್ಕ ದಾರಿ ಇಲ್ಲ, ಎರಡು ರೇಖೆಗಳ ನಡುವಿನ ಕೋನ ಕೇಳಿದಾಗಲೂ ಟ್ಯಾನ್ ಬಿಟ್ಟು ಹೋಗಲಾಗದು.

ಕೋನವನ್ನು ನೀವೇ ಅಳೆದು ಇಳಿಜಾರು ಪಡೆಯಲು ಹೊರಟರೆ ಮಾತ್ರ ನನ್ನ ಸಲಹೆ ಬೇಡ ಎಂಬುದೇ. ಎರಡು ಕಾರಣ ಇವೆ. ಮೊದಲನೆಯದು ಪ್ರಮಾಣದ್ದು. ಟ್ಯಾಂಕಿನ ಗ್ರಾಫಿನ ಮೇಲೆ ಕೋನಮಾಪಕ ಇಟ್ಟರೆ ಸುಮಾರು 51 ಡಿಗ್ರಿ ಬರುತ್ತದೆ, ಅದರ ಟ್ಯಾನ್ 1.23ರ ಆಸುಪಾಸು. ನಿಜವಾದ ಇಳಿಜಾರು 25. ಎರಡೂ ಅಕ್ಷಕ್ಕೆ ಒಂದೇ ಪ್ರಮಾಣ ಇದ್ದಾಗ ಮಾತ್ರ ಕಾಗದದ ಮೇಲಿನ ಕೋನದ ಟ್ಯಾನ್ ಇಳಿಜಾರಾಗುತ್ತದೆ.

ಎರಡನೆಯದು ಸಣ್ಣ ಕೋನಗಳದು. ಬ್ರಗಾಂಜಾ ಘಾಟಿನ 37ಕ್ಕೆ 1 ಎಂಬುದನ್ನು ಕೋನಕ್ಕೆ ತಿರುಗಿಸಿದರೆ ಸುಮಾರು 1.55 ಡಿಗ್ರಿ. ಅಳೆಯುವವರ ಕೈ ಒಂದೇ ಒಂದು ಡಿಗ್ರಿ ತಪ್ಪಿ 2.55 ಎಂದು ಓದಿದರೆ ಇಳಿಜಾರು 22ಕ್ಕೆ 1 ಆಗಿಬಿಡುತ್ತದೆ. ತೀರಾ ಕಡಿದಾದ ಕಡೆಯೂ ಇದೇ ಕಥೆ: ಟ್ಯಾನ್ 80 ಡಿಗ್ರಿ 5.67, ಟ್ಯಾನ್ 81 ಡಿಗ್ರಿ 6.31, ಟ್ಯಾನ್ 89 ಡಿಗ್ರಿ 57ಕ್ಕೂ ಹೆಚ್ಚು. ಏರಿಕೆ ಮತ್ತು ಓಟವನ್ನು ಟೇಪಿನಿಂದ ಅಳೆಯುವುದು ಸುಲಭ, ಡಿಗ್ರಿ ಅಳೆಯುವುದು ಕಷ್ಟ. ರೈಲ್ವೆಯವರು ‘37ಕ್ಕೆ 1’ ಎಂದು, ರಸ್ತೆಯವರು ಶೇಕಡಾ ಲೆಕ್ಕದಲ್ಲಿ ಬರೆಯುವುದು ಕೆಲಸದ ಅನುಭವದಿಂದ ಬಂದ ರೂಢಿ.

ಗಾಲಿಕುರ್ಚಿಯ ರ್‍ಯಾಂಪಿಗೂ ಹೀಗೆಯೇ 12ಕ್ಕೆ 1ಕ್ಕಿಂತ ಕಡಿದಾಗಿರಬಾರದು ಎಂಬ ಲೆಕ್ಕ ಬಳಕೆಯಲ್ಲಿದೆ. ಕೋನದಲ್ಲಿ ಅದು 5 ಡಿಗ್ರಿಗಿಂತ ಸ್ವಲ್ಪ ಕಡಿಮೆ. ಶಾಲೆಯ ಜಗುಲಿ 2 ಅಡಿ ಎತ್ತರ ಇದ್ದರೆ ರ್‍ಯಾಂಪಿಗೆ 24 ಅಡಿ ಓಟ ಬೇಕು. ಜಾಗ ಇಲ್ಲವೆಂದು 12 ಅಡಿಯಲ್ಲಿ ಮುಗಿಸಿದರೆ 6ಕ್ಕೆ 1, ಯಾರ ಸಹಾಯವೂ ಇಲ್ಲದೆ ಅದನ್ನು ಹತ್ತುವುದು ಗಾಲಿಕುರ್ಚಿಯ ಮಗುವಿಗೆ ಆಗದ ಮಾತು. ಇಂಥ ರ್‍ಯಾಂಪ್ ಕಂಡಲ್ಲಿ ಟೇಪ್ ಹಿಡಿದು ಅಳೆಯಿರಿ, ಮಕ್ಕಳಿಂದಲೂ ಅಳೆಸಿ. ಬಾಯಿಮಾತಿನ ದೂರಿಗಿಂತ ‘6ಕ್ಕೆ 1 ಇದೆ, 12ಕ್ಕೆ 1 ಆಗಬೇಕು’ ಎಂಬ ಸಾಲಿಗೆ ಬಲ ಹೆಚ್ಚು.

ಬಿಂದುಗಳು ಒಂದೇ ಗೆರೆಯ ಮೇಲೆ ಕೂರದಿದ್ದರೆ

ಪುಸ್ತಕದ ಬಿಂದುಗಳು ಶಿಸ್ತಿನವು, ಅಳತೆಯಿಂದ ಬಂದ ಬಿಂದುಗಳು ಹಾಗಲ್ಲ. ಓಮ್‌ನ ನಿಯಮದ ಪ್ರಯೋಗದಲ್ಲಿ 0.1, 0.2, 0.3, 0.4, 0.5 ಆಂಪಿಯರಿಗೆ ಕ್ರಮವಾಗಿ 0.52, 0.98, 1.55, 1.97, 2.50 ವೋಲ್ಟ್ ಬಂತೆನ್ನಿ. ಇಲ್ಲಿ ಇಳಿಜಾರು ಎಂದರೆ ರೋಧ. ಅಕ್ಕಪಕ್ಕದ ಬಿಂದು ಹಿಡಿದು ಲೆಕ್ಕ ಹಾಕಿದರೆ 4.6, 5.7, 4.2, 5.3 ಓಮ್ ಎಂದು ನಾಲ್ಕು ಉತ್ತರ ಬರುತ್ತವೆ. ಮೊದಲ ಮತ್ತು ಕೊನೆಯದನ್ನು ಹಿಡಿದರೆ 4.95. ಐದೂ ಬಿಂದುಗಳನ್ನು ಗಣನೆಗೆ ತೆಗೆದುಕೊಳ್ಳುವ ಕನಿಷ್ಠ ವರ್ಗಗಳ ವಿಧಾನ ಹಾಕಿದರೂ 4.95 ಬರುತ್ತದೆ. ಇಲ್ಲಿ ಎರಡೂ ಹೊಂದಿದ್ದು ಈ ಅಂಕಿಗಳ ಅದೃಷ್ಟ, ಯಾವಾಗಲೂ ಹೀಗಾಗುವುದಿಲ್ಲ.

ಪ್ರಯೋಗಾಲಯದಲ್ಲಿ ಮಾಡಬೇಕಾದ್ದು: ಬಿಂದುಗಳ ನಡುವೆ, ಮೇಲೂ ಕೆಳಗೂ ಹೆಚ್ಚುಕಡಿಮೆ ಸಮನಾಗಿ ಬಿಂದುಗಳು ಉಳಿಯುವಂತೆ ಒಂದೇ ನೇರ ರೇಖೆ ಎಳೆಯಿರಿ. ಆಮೇಲೆ ಇಳಿಜಾರಿಗೆ ಬೇಕಾದ ಎರಡು ಬಿಂದುಗಳನ್ನು ಆ ರೇಖೆಯ ಮೇಲಿನಿಂದ ಆರಿಸಿ, ಕೋಷ್ಟಕದಿಂದಲ್ಲ. ಕೋಷ್ಟಕದ ಬಿಂದುವನ್ನೇ ತೆಗೆದುಕೊಂಡರೆ ರೇಖೆ ಎಳೆದ ಶ್ರಮ ವ್ಯರ್ಥ, ಉಳಿದ ಮೂರು ಅಳತೆಗಳನ್ನು ನೀವು ಬಿಸಾಡಿದಂತೆ.

ಬಿಂದುಗಳು ದೂರ ಇರಬೇಕು ಎಂಬ ಮಾತಿನ ಬೆಲೆ ಗೊತ್ತಾಗಬೇಕಾದರೆ ತುಂಗಭದ್ರೆಯ ಹೂಳಿನ ಲೆಕ್ಕ ನೋಡಬೇಕು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಹೊಲಗದ್ದೆ ಆ ಜಲಾಶಯವನ್ನೇ ನಂಬಿದೆ. 1953ರಲ್ಲಿ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. 2008ರ ಸಮೀಕ್ಷೆಯಲ್ಲಿ 100.855 ಟಿಎಂಸಿ, 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿ. ಕಾಲವನ್ನು ಅಡ್ಡಕ್ಕೆ, ಸಾಮರ್ಥ್ಯವನ್ನು ಮೇಲಕ್ಕೆ ಇಟ್ಟು ಇಳಿಜಾರು ಕಂಡುಹಿಡಿಯೋಣ.

1953ರಿಂದ 2008: −32.145 ÷ 55, ವರ್ಷಕ್ಕೆ ಸುಮಾರು −0.58 ಟಿಎಂಸಿ. 1953ರಿಂದ 2016: −27.212 ÷ 63, ವರ್ಷಕ್ಕೆ ಸುಮಾರು −0.43. ಇನ್ನು 2008ರಿಂದ 2016: +4.933 ÷ 8, ವರ್ಷಕ್ಕೆ ಸುಮಾರು +0.62! ಸೂತ್ರ ಮೂರು ಸಲವೂ ಸರಿಯಾಗಿಯೇ ಹಾಕಿದ್ದೇವೆ. ಆದರೆ ಎಂಟು ವರ್ಷದಲ್ಲಿ ಹೂಳು ತಾನಾಗಿ ಎದ್ದು ಹೋಗಿಲ್ಲ. ಇಲ್ಲಿ ಕಾಣುತ್ತಿರುವುದು ಎರಡು ಸಮೀಕ್ಷೆಗಳ ಅಳತೆಯ ನಡುವಿನ ವ್ಯತ್ಯಾಸ, ಜಲಾಶಯದ ಬದಲಾವಣೆ ಅಲ್ಲ.

ಯಾಕೆ ಹೀಗೆ ಎಂದು ಒಂದು ಊಹೆಯ ಲೆಕ್ಕದಿಂದ ನೋಡಿ. ಪ್ರತಿ ಅಳತೆಯೂ 3 ಟಿಎಂಸಿ ಆಚೀಚೆ ಹೋಗಬಹುದು ಎಂದುಕೊಂಡರೆ ಎರಡು ಅಳತೆಗಳ ವ್ಯತ್ಯಾಸದಲ್ಲಿ 6 ಟಿಎಂಸಿವರೆಗೆ ತಪ್ಪು ಸೇರಬಹುದು. ಎಂಟು ವರ್ಷಕ್ಕೆ ಹಂಚಿದರೆ ಅದು ವರ್ಷಕ್ಕೆ 0.75, ನಾವು ಹುಡುಕುತ್ತಿರುವ ಇಳಿಜಾರಿಗಿಂತಲೇ ದೊಡ್ಡದು. ಅದೇ 6 ಟಿಎಂಸಿಯನ್ನು 63 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 0.1 ಕೂಡ ಇಲ್ಲ. ಓಟ ಚಿಕ್ಕದಾದಷ್ಟೂ ಅಳತೆಯ ದೋಷ ಇಳಿಜಾರಿನಲ್ಲಿ ಉಬ್ಬುತ್ತದೆ. ಹೂಳಿನ ಬಗ್ಗೆ ಯಾರಾದರೂ ‘ವರ್ಷಕ್ಕೆ ಇಷ್ಟು’ ಎಂದರೆ, ಯಾವ ವರ್ಷದಿಂದ ಯಾವ ವರ್ಷಕ್ಕೆ ಎಂದು ಕೇಳಲೇಬೇಕು. ಕಾಲುವೆಯ ಕೊನೆ ಭಾಗದ ರೈತರಿಗೆ ಎಷ್ಟು ನೀರು ಉಳಿಯುತ್ತದೆ ಎಂಬ ಚರ್ಚೆ ಇಂಥ ಒಂದು ಸಂಖ್ಯೆಯ ಮೇಲೆ ನಿಂತಿರುತ್ತದೆ.

ಮೊಬೈಲಿನಲ್ಲಿ ಮಾಡಬಹುದೇ?

ಮಾಡಬಹುದು. ಜಿಯೋಜೀಬ್ರಾ ಎಂಬ ಗಣಿತದ ಆ್ಯಪಿನಲ್ಲಿ ಸಮೀಕರಣ ಬರೆದರೆ ರೇಖೆ ಮೂಡುತ್ತದೆ, ಎಂ ಬೆಲೆ ಬದಲಿಸುತ್ತ ರೇಖೆ ಹೇಗೆ ತಿರುಗುತ್ತದೆ ಎಂದು ನೋಡಬಹುದು. ಕಲಿಕೆಗೆ ಇದು ನಿಜಕ್ಕೂ ಒಳ್ಳೆಯದು, ಮುಖ್ಯವಾಗಿ ಎಂ ಸೊನ್ನೆಯಿಂದ ಋಣದ ಕಡೆ ದಾಟುವ ಗಳಿಗೆಯನ್ನು ಒಮ್ಮೆ ಕಣ್ಣಾರೆ ನೋಡಿದವರು ಚಿಹ್ನೆ ತಪ್ಪು ಮಾಡುವುದು ಕಡಿಮೆ. ಅಳತೆಯ ಪಟ್ಟಿ ಉದ್ದವಿದ್ದರೆ ಎಕ್ಸೆಲ್‌ನ ಸ್ಲೋಪ್ ಸೂತ್ರ ಕನಿಷ್ಠ ವರ್ಗಗಳ ಉತ್ತರವನ್ನು ಕ್ಷಣದಲ್ಲಿ ಕೊಡುತ್ತದೆ. ಅಲ್ಲಿ ಮೊದಲು ವೈ ಪಟ್ಟಿ, ಆಮೇಲೆ ಎಕ್ಸ್ ಪಟ್ಟಿ ಕೊಡಬೇಕು. ನಾವು ಬಿಂದು ಬರೆಯುವ ಕ್ರಮಕ್ಕೆ ಇದು ಉಲ್ಟಾ ಆದ್ದರಿಂದ ಕೈ ತಪ್ಪುತ್ತದೆ. ಮೇಲಿನ ಓಮ್ ಪ್ರಯೋಗದ ಅಂಕಿಗಳನ್ನು ಅದಲುಬದಲಾಗಿ ಕೊಟ್ಟರೆ 4.95ರ ಬದಲು 0.2 ಬರುತ್ತದೆ, ಯಂತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಲೆಕ್ಕವೇ ಇಲ್ಲದೆ ಸಿಗುವ ಇಳಿಜಾರು

ಪ್ರಶ್ನೆಯಲ್ಲಿ ‘ಸಮಾಂತರ’ ಎಂದಿದ್ದರೆ ಇನ್ನೊಂದು ರೇಖೆಯ ಇಳಿಜಾರನ್ನೇ ಎತ್ತಿಕೊಳ್ಳಿ. ‘ಲಂಬ’ ಎಂದಿದ್ದರೆ ತಲೆಕೆಳಗು ಮಾಡಿ ಚಿಹ್ನೆ ಬದಲಿಸಿ: −3/4ಕ್ಕೆ ಲಂಬವಾದುದು 4/3. ಒಂದು ರೇಖೆ ನೆಟ್ಟಗೆ, ಇನ್ನೊಂದು ಮಟ್ಟಸವಾಗಿದ್ದಾಗ ಮಾತ್ರ ಈ ತಲೆಕೆಳಗು ಮಾಡುವ ನಿಯಮ ನಡೆಯುವುದಿಲ್ಲ.

ಅಭ್ಯಾಸಕ್ಕೆ ಹತ್ತು ಬೇರೆ ಬೇರೆ ಲೆಕ್ಕ ಮಾಡುವುದಕ್ಕಿಂತ ಒಂದೇ ರೇಖೆಯನ್ನು ಎಲ್ಲ ದಾರಿಗಳಿಂದ ಮಾಡಿ ನೋಡುವುದು ಹೆಚ್ಚು ಕಲಿಸುತ್ತದೆ. 5ಎಕ್ಸ್ − 2ವೈ + 20 = 0 ತೆಗೆದುಕೊಳ್ಳಿ. ವೈ ಬಿಡಿಸಿ ಬರೆಯಿರಿ, −ಎ/ಬಿ ಹಾಕಿ, ಅಕ್ಷಗಳನ್ನು ಕಡಿಯುವ ಬಿಂದು ಹುಡುಕಿ ಎರಡು ಬಿಂದುಗಳ ಸೂತ್ರ ಹಾಕಿ, ಎರಡೂ ಅಕ್ಷಕ್ಕೆ ಒಂದೇ ಪ್ರಮಾಣ ಇಟ್ಟು ಗ್ರಾಫ್ ಬರೆದು ಕೋನಮಾಪಕ ಇಡಿ. ಬಿಂದುಗಳು (−4, 0) ಮತ್ತು (0, 10) ಬರಬೇಕು, ಇಳಿಜಾರು 5/2, ಕೋನ 68 ಡಿಗ್ರಿಗಿಂತ ತುಸು ಹೆಚ್ಚು. ಯಾವುದಾದರೂ ಒಂದು ದಾರಿಯಲ್ಲಿ −5/2 ಬಂದರೆ, ಬಿ ಎಂದರೆ −2 ಎಂಬುದನ್ನು ಎಲ್ಲಿ ಬಿಟ್ಟಿರಿ ಎಂದು ಆ ಸಾಲಿಗೇ ಹೋಗಿ ನೋಡಿ.